ಬತ್ತೀಸ್ ಬೋರಿನ ಅಣ್ಣ

ಹೋಟೆಲಿನ ಅಣ್ಣನ ಶ್ರದ್ಧಾಂಜಲಿ ಸಭೆಯಲ್ಲಿ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂಥ ಸಭೆಯನ್ನು ನಾನು ಇನ್ನೊಂದು ನೋಡಿಲ್ಲ. ಕಳೆದ ತಿಂಗಳು ನಮ್ಮ ಮುಂಬಯಿಯ ಹೋಟೆಲಿನವರೆಲ್ಲ ಸಯನ್‌ನಲ್ಲಿ ಒಂದು ಹಾಲ್ ಹಿಡಿದು ಸೇರಿದ್ದರು. ವೇದಿಕೆಯ ಮೇಲೆ ಅಣ್ಣನ ಫೋಟೊ, ಅದಕ್ಕೆ ಮೊಣಕೈ ದಪ್ಪದ ಹಾರ. ಮಾತಿಗೆ ಎದ್ದವರು ಮೊದಲು ಗಂಟಲು ಸರಿಮಾಡಿಕೊಂಡು ನಾಲ್ಕು ಒಳ್ಳೆಯ ಮಾತು ಹೇಳುವರು. ಆಮೇಲೆ ತಡೆಯಲಾಗದೆ ಅಣ್ಣನ ಹಾಗೇ ಬಲಭುಜ ತಟ್ಟಿಕೊಂಡು, ಅಣ್ಣನದೇ ದನಿಯಲ್ಲಿ ಶುರು ಮಾಡುವರು: "ಬತ್ತೀಸ್ ಬೋರಿನ ಗುಂಡು ಅಂದರೆ ಎಂತ ಮಾರಾಯ? ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ! ಅದರಿಂದ ಮನುಷ್ಯ ಬೀಳ್ತಾನಾ?"

ಹಾಲ್ ಘೊಳ್ಳೆನ್ನುತ್ತಿತ್ತು. ನಗದೆ ಕೂತವರು ಇಬ್ಬರೇ. ಒಬ್ಬ ನಾನು. ಇನ್ನೊಬ್ಬರು ನನ್ನ ಪಕ್ಕದಲ್ಲಿದ್ದ ಸುಬೇದಾರರು. ಬೆಳಗಾವಿ ಕಡೆಯವರು, ಫೌಜಿನಿಂದ ನಿವೃತ್ತರಾಗಿ ಕಾಂದಿವಲಿಯಲ್ಲಿ ನಮ್ಮ ಬಿಲ್ಡಿಂಗಿನಲ್ಲೇ ಇರುವವರು. ಅವರು ಎಡಹುಬ್ಬಿನ ಮೇಲಿನ ಹಳೆಯ ಗಾಯದ ಗೆರೆಯನ್ನು ಬೆರಳಿನಿಂದ ತೀಡುತ್ತ ಫೋಟೊ ನೋಡುತ್ತಿದ್ದರು. ಆ ಗಾಯ ಮಾಡಿದವನೂ ಅಣ್ಣನೇ.

ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಬಾಯಲ್ಲಿ ಅಣ್ಣನ ಹೋಟೆಲು. ಊರು ಉಡುಪಿ ಕಡೆ. ಎಮ್ಮೆಯ ಕತ್ತಿನಂಥ ಕತ್ತು, ಕಾವಲಿಯ ಅಂಚು ತಾಗಿ ತಾಗಿ ಚುಕ್ಕೆಬಿದ್ದ ಮುಂಗೈ. ಆ ಕೈ ಯಾವಾಗಲೂ ನಾಲಿಗೆಗಿಂತ ಮುಂದೆ. ಒಮ್ಮೆ ಒಬ್ಬ ಗಿರಾಕಿ ಸಾಂಬಾರು ಆರಿದೆ ಎಂದು ಬಟ್ಟಲನ್ನು ವೇಟರನ ಮುಖಕ್ಕೆ ಎರಚಿದ. ಅಣ್ಣ ಗಲ್ಲಾದಿಂದ ಎದ್ದು ಬಂದು ಗಿರಾಕಿಯನ್ನು ಕುರ್ಚಿಸಮೇತ ಎತ್ತಿ ರಸ್ತೆಯ ಮೇಲೆ ಇಟ್ಟ. ಅವನು ಬಾಯಿ ತೆರೆದ, ಅಣ್ಣ ಮೂಗಿಗೆ ಒಂದು ಕೊಟ್ಟ. ರಕ್ತ ಸುರಿಯುತ್ತಿದ್ದವನಿಗೆ ಅವನು ಹೇಳಿಟ್ಟಿದ್ದ ಕಾಫಿಯನ್ನು ಅಲ್ಲಿಗೇ ಕಳಿಸಿದ. "ಆರ್ಡರ್ ಕೊಟ್ಟದ್ದು ಕುಡಿದು ಹೋಗು. ಬಿಸಿ ಉಂಟು, ನೋಡಿಕೊಂಡು ಕುಡಿ."

ವೇಟರುಗಳಿಗೂ ಏಟು ತಪ್ಪುತ್ತಿರಲಿಲ್ಲ. ಹೊಡೆದ ದಿನ ಅವರ ಪಕ್ಕವೇ ಕೂತು ಉಣ್ಣುತ್ತಿದ್ದ, ತನ್ನ ಮನೆಯ ಡಬ್ಬಿಯ ಮೀನು ಎತ್ತಿ ಅವರ ತಟ್ಟೆಗೆ ಹಾಕುತ್ತಿದ್ದ. ಅದನ್ನು ಒಳ್ಳೆಯ ಗುಣ ಎಂದು ನಾನು ಹೇಳುವುದಿಲ್ಲ. ಆದರೆ ಮನುಷ್ಯ ಇದ್ದದ್ದು ಹಾಗೆ.

ಆ ಕಾಲದಲ್ಲಿ ಹೋಟೆಲಿನವರಿಗೆ ಹಫ್ತಾ ಕೇಳಿ ಫೋನು ಬರುತ್ತಿದ್ದವು. ಬೇರೆಯವರು ಫೋನು ಬಂದ ದಿನ ಊಟ ಬಿಡುತ್ತಿದ್ದರು. ಅಣ್ಣ ಮಾತ್ರ ತುಳುವಿನಲ್ಲಿ, ಫೋನು ಮಾಡಿದವನ ವಂಶದ ಹೆಂಗಸರನ್ನೆಲ್ಲ ಒಬ್ಬೊಬ್ಬರಾಗಿ ಕರೆದು ಬೈದ. ಕೆಲವೇ ದಿನಗಳಲ್ಲಿ ಬೆಳಿಗ್ಗೆ ಶಟರ್ ಎತ್ತುವಾಗ ಬೈಕಿನ ಹಿಂದೆ ಕೂತು ಬಂದವನೊಬ್ಬ ಗುಂಡು ಹಾರಿಸಿದ. ಗುಂಡು ಬಲಭುಜಕ್ಕೆ ಹೊಕ್ಕಿತು. ಅಣ್ಣ ಗುಂಡು ಹೊಕ್ಕ ಆ ಕೈಯನ್ನೇ ಚಾಚಿ ಅವನ ಅಂಗಿ ಹಿಡಿದು ಕೆಳಗೆಳೆದ. ಶಟರಿನ ಬೀಗ ಹಾಕುವ ಕಬ್ಬಿಣದ ಕೊಂಡಿಗೆ ಅವನ ಬಾಯನ್ನು ಜಜ್ಜಿದ. ಮುಂದಿನ ಹಲ್ಲುಗಳು ಮೆಟ್ಟಿಲ ಮೇಲೆ ಉದುರಿದ ಮೇಲೂ ಜಜ್ಜುತ್ತಿದ್ದನಂತೆ. ಅಣ್ಣನ ಒಡಹುಟ್ಟಿದ ತಮ್ಮ ಓಡಿಬಂದು ಬಿಡಿಸಿದ. ಆಮೇಲೆ ಅಣ್ಣ ಒಂದು ಲೋಟ ನೀರು ಕೇಳಿ, ಕುಡಿದು, ನೆನೆದ ಗೋಣಿಚೀಲದ ಹಾಗೆ ಕುಸಿದ.

ಡಾಕ್ಟರು ಗುಂಡನ್ನು ತೆಗೆಯಲಿಲ್ಲ. ಎಲುಬಿನ ಮಗ್ಗುಲಲ್ಲಿ ಕೂತಿದೆ, ಕೆದಕಿದರೆ ಕೈ ಹೋಗುತ್ತದೆ ಎಂದರು. ಚರ್ಮದ ಕೆಳಗೆ ಅದು ಬೆರಳಿಗೆ ಸಿಗುತ್ತಿತ್ತು. ಹೊಸದಾಗಿ ಪರಿಚಯವಾದವರನ್ನೆಲ್ಲ ಅಣ್ಣ ಅಂಗಿ ಸರಿಸಿ ಮುಟ್ಟಿಸುತ್ತಿದ್ದ. ನನ್ನನ್ನೂ ಮುಟ್ಟಿಸಿದ. ನಾನು ಎಸ್ಟೇಟಿನ ಒಂದು ಕಂಪನಿಯಲ್ಲಿ ಗುಮಾಸ್ತ, ಹನ್ನೊಂದರ ಚಹಾ ಅಲ್ಲೇ. ಧಾರವಾಡದವನೆಂದು ಹೇಳಿದ ದಿನದಿಂದ ನನ್ನ ಹೆಸರು ಅಣ್ಣನ ಬಾಯಲ್ಲಿ 'ಧಾರವಾಡ'.

"ಏ ಧಾರವಾಡ, ಬೆರಳಿಡು. ಸಿಕ್ಕಿತಾ? ಕಡಲೆಕಾಳಿನಷ್ಟು. ಸಣ್ಣದು ಅಂತ ನಗಬೇಡ. ಒಂದು ಗೇಣು ಕೆಳಗೆ ಕೂತಿದ್ದರೆ ಇವತ್ತು ನೀನು ವಡೆ ತಿನ್ನುವಾಗ ನಾನು ಗೋಡೆಯ ಮೇಲಿಂದ ನೋಡ್ತಿದ್ದೆ, ಹಾರ ಹಾಕಿಕೊಂಡು."

ಅಣ್ಣ ಮೊದಲು ಹೇಳುತ್ತಿದ್ದದ್ದು ಹೀಗೆ. ಇದನ್ನು ನೆನಪಿಟ್ಟುಕೊಳ್ಳಿ.

ಆ ಘಟನೆಯ ಮೇಲೆ ಪೊಲೀಸರು ರಿವಾಲ್ವರಿಗೆ ಲೈಸೆನ್ಸ್ ಕೊಟ್ಟರು. ನಮ್ಮಂಥವರಿಗೆ ಸಿಗುವುದು ಬತ್ತೀಸ್ ಬೋರ್, ಅಂದರೆ ಪಾಯಿಂಟ್ ಮೂವತ್ತೆರಡು. ಅದಕ್ಕಿಂತ ದೊಡ್ಡವು ಪೊಲೀಸರಿಗೆ, ಫೌಜಿಗೆ. ಇಷ್ಟು ಸಣ್ಣದರಿಂದ ಏನಾದೀತು ಎಂದು ಹೋಟೆಲಿನವರ ನಡುವೆ ಚರ್ಚೆಯೋ ಚರ್ಚೆ. ತೀರ್ಪು ಕೊಟ್ಟವರು ಸುಬೇದಾರರು. "ಗುಂಡಿನ ಅಳತಿ ಅಲ್ರಿ, ಬಡಿಯೋ ಜಾಗಾ. ಜಾಗಾಕ್ಕ ಬಿತ್ತಂದ್ರ ಬತ್ತೀಸೂ ಸಾಕು. ಬೀಳಲಿಲ್ಲಂದ್ರ ತೋಫೂ ಸಾಲಂಗಿಲ್ಲ." ಅಣ್ಣ ತಲೆದೂಗಿ ಭುಜ ಸವರಿಕೊಂಡ. ತನಗೆ ತಗಲಿದ ಗುಂಡೂ ಅದೇ ಅಳತೆಯದು. ಅದರ ರುಚಿ ಬಲ್ಲವನಿಗೆ ಅನುಮಾನ ಯಾಕೆ?

ಅಡುಗೆಯ ಭಟ್ಟರ ವಿಷಯ ಈಗ ಹೇಳಬೇಕು. ಅಣ್ಣನ ಹೋಟೆಲು ನಿಂತದ್ದೇ ಅವರ ಕೈಮೇಲೆ. ಮದುವೆ ಇಲ್ಲ, ಮಕ್ಕಳಿಲ್ಲ, ಅಡುಗೆಮನೆಯ ಹಿಂದಿನ ಕೋಣೆಯೇ ಮನೆ. ಅಣ್ಣನ ತಮ್ಮ ಊರಿಂದ ಬಂದಾಗ ಮಲಗಿದ್ದು ಭಟ್ಟರ ಚಾಪೆಯ ಪಕ್ಕ, ಹಿಂದಿ ಕಲಿತದ್ದು ಅವರ ಬಾಯಿಂದ. ದೊಡ್ಡವನಾಗಿ ಗಲ್ಲಾದಲ್ಲಿ ಕೂತ ಮೇಲೂ ದಿನದ ಮೊದಲ ದೋಸೆ, ಅಂಚು ಕೆಂಪಗಾದದ್ದು, ಅವನಿಗೇ. ತಮ್ಮ ಮೆತ್ತಗಿನವನು. ಅಣ್ಣ ಹೊಡೆದು ಕಳಿಸಿದವರನ್ನು ಬಾಗಿಲ ಬಳಿ ನಿಲ್ಲಿಸಿ, ಕೈಗೆ ಒಂದು ಚಿಟಿಕೆ ಬಡೇಸೋಪು ಹಾಕಿ ಸಮಾಧಾನ ಮಾಡುತ್ತಿದ್ದವನು.

ಆಯುಧಪೂಜೆಯ ದಿನ ಭಟ್ಟರ ರಾಜ್ಯ. ಗ್ರೈಂಡರ್, ಕಾವಲಿ, ಈಳಿಗೆಮಣೆ, ತಕ್ಕಡಿ, ಎಲ್ಲಕ್ಕೂ ಚೆಂಡುಹೂ. ರಿವಾಲ್ವರ್ ಬಂದ ವರ್ಷ ಅದಕ್ಕೂ ಒಂದು ಬಾಳೆಲೆ ಹಾಕಿದರು. ನಡುವೆ ಬರಿದಾದ ರಿವಾಲ್ವರ್, ಸುತ್ತ ಆರು ಕಾಡತೂಸು. ಆಯುಧವನ್ನು ಒಣಗಿದ ಮೈಯಲ್ಲಿ ಕೂರಿಸಬಾರದೆಂದು ಭಟ್ಟರು ಕೊಬ್ಬರಿ ಎಣ್ಣೆ ತಂದರು. ಒಂದೊಂದು ಕಾಡತೂಸಿಗೂ ಮಗುವಿಗೆ ಸವರುವ ಹಾಗೆ ಸವರಿದರು. ಬೊಟ್ಟು ಎಲ್ಲಿ ಇಡುವುದು? ಕಾಡತೂಸಿನ ತಳ ಹಿತ್ತಾಳೆಯ ಪುಟ್ಟ ಬಿಲ್ಲೆ, ಅದರ ನಟ್ಟನಡುವೆ ಇನ್ನೊಂದು ಪುಟ್ಟ ದುಂಡು. ರಿವಾಲ್ವರಿನ ಕುದುರೆ, ಅಂದರೆ ಹಿಂದಿನ ಪುಟ್ಟ ಸುತ್ತಿಗೆ, ಬಂದು ಬಡಿಯುವುದು ಅಲ್ಲಿಗೇ. ನೋಡಿದವರಿಗೆ ಹಣೆಯಂತೆ ಕಾಣುತ್ತದೆ. ಭಟ್ಟರು ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ ಅಲ್ಲಿಗೇ ಇಟ್ಟರು.

"ಧಣಿಗಳೇ, ಇದು ನಿಮ್ಮ ಪ್ರಾಣ ಕಾಯುವ ವಸ್ತು. ಬೊಟ್ಟು ಒರೆಸಬೇಡಿ."

ಅಣ್ಣ ಒರೆಸಲಿಲ್ಲ. ವರ್ಷ ವರ್ಷವೂ ಅದೇ ಆರು ಕಾಡತೂಸು, ಅದೇ ಎಣ್ಣೆ, ಬೊಟ್ಟಿನ ಮೇಲೆ ಬೊಟ್ಟು. ನಾವು ಪ್ರಸಾದದ ಅವಲಕ್ಕಿ ತಿನ್ನುತ್ತ ನೋಡಿದ್ದೇವೆ. ಸುಬೇದಾರರಿಗೆ ಮಾತ್ರ ಆ ಹಬ್ಬಕ್ಕೆ ಊರಿಗೆ ಹೋಗುವ ರೂಢಿ.

ಹಲ್ಲು ಉದುರಿಸಿಕೊಂಡವನು ಜೈಲಿನಿಂದ ಹೊರಗೆ ಬಂದ. ಬಂದವನು ನೇರ ಹೋಟೆಲಿಗೆ ಬಂದ.

ತಿಂಡಿ ಮುಗಿದು ಊಟ ಶುರುವಾಗುವ ನಡುವಿನ ಹೊತ್ತು. ವೇಟರುಗಳು ಹಿಂದೆ ಉಣ್ಣಲು ಕೂತಿದ್ದರು, ಒಳಗೆ ಗ್ರೈಂಡರ್ ಗುಡುಗುತ್ತಿತ್ತು, ಭಟ್ಟರು ಅದರ ಮುಂದೆ. ಅಣ್ಣ ಅಡುಗೆಮನೆಯ ಬಾಗಿಲಲ್ಲಿ, ತಮ್ಮ ಗಲ್ಲಾದಲ್ಲಿ. ಬಂದವನು ಅಂಗಿಯೊಳಗಿಂದ ಚಾಪರ್, ಮಾಂಸ ಕಡಿಯುವ ಅಗಲದ ಕತ್ತಿ, ತೆಗೆದು, ಬೊಚ್ಚುಬಾಯಿ ತೆರೆದು ಅಣ್ಣನ ಕಡೆ ನುಗ್ಗಿದ. ತಮ್ಮ ಎದ್ದು ಅಡ್ಡ ಬಂದ. ಮೊದಲ ಏಟು ತಮ್ಮ ಎತ್ತಿದ ಕೈಗೆ. ಅಣ್ಣ ಸೊಂಟದಿಂದ ರಿವಾಲ್ವರ್ ಎಳೆದು ಟ್ರಿಗರ್ ಒತ್ತಿದ. ಟಿಕ್. ಎರಡನೇ ಏಟು ಭುಜಕ್ಕೆ. ಮತ್ತೆ ಒತ್ತಿದ. ಟಿಕ್. ಮೂರನೆಯ ಏಟು ಕುತ್ತಿಗೆಗೆ. ಮೂರನೆಯ ಬಾರಿ ಗುಂಡು ಹಾರಿತು. ಚಾಪರಿನವನ ಕಂಕುಳ ಕೆಳಗೆ ಹೊಕ್ಕಿತು. ಅವನು ಇನ್ನೊಂದು ಹೆಜ್ಜೆ ಇಡಲಿಲ್ಲ. ಗಲ್ಲಾದ ಮೇಲೆ ಬೋರಲು ಬಿದ್ದ, ಅಲ್ಲಿಂದ ನೆಲಕ್ಕೆ ಜಾರಿದ, ಏಳಲಿಲ್ಲ. ತಮ್ಮ ಬಡೇಸೋಪಿನ ಬಟ್ಟಲನ್ನು ಎದೆಗೆ ಅವಚಿಕೊಂಡು ಅವನ ಪಕ್ಕದಲ್ಲೇ ಬಿದ್ದಿದ್ದ.

ಇದಿಷ್ಟೂ ಅಣ್ಣ ಪೊಲೀಸರಿಗೆ ಹೇಳಿದ್ದು. ನಾನು ಚಹಾಕ್ಕೆಂದು ಹೋದಾಗ ರಸ್ತೆ ತುಂಬ ಜನ. ಇನ್‌ಸ್ಪೆಕ್ಟರು ನನ್ನ ಕುತ್ತಿಗೆಯ ಗುರುತಿನ ಚೀಟಿ ನೋಡಿ, "ಮರಾಠಿ ಯೇತೆ ನಾ?", ಮರಾಠಿ ಬರುತ್ತದಲ್ಲ ಎಂದು ಕೇಳಿ ಒಳಗೆ ಕರೆದು ಪಂಚನಾಮೆಗೆ ಪಂಚನನ್ನಾಗಿ ನಿಲ್ಲಿಸಿದರು. ನೆಲದ ಮೇಲೆ ರಕ್ತದಲ್ಲಿ ಬಡೇಸೋಪಿನ ಕಾಳುಗಳು ಉಬ್ಬಿಕೊಂಡಿದ್ದವು. ಈಗಲೂ ನಾನು ಹೋಟೆಲಿನಲ್ಲಿ ಬಡೇಸೋಪು ಮುಟ್ಟುವುದಿಲ್ಲ.

ಇನ್‌ಸ್ಪೆಕ್ಟರು ರಿವಾಲ್ವರ್ ತೆರೆದು ಕಾಡತೂಸುಗಳನ್ನು ಕಾಗದದ ಮೇಲೆ ಸುರಿದರು. ಒಂದು ಖಾಲಿ, ಐದು ತುಂಬಿದ್ದವು. ಆ ಐದರಲ್ಲಿ ಎರಡರ ತಳದಲ್ಲಿ, ಹೆಪ್ಪುಗಟ್ಟಿದ ಕುಂಕುಮದ ನಡುವೆ, ಕುದುರೆ ಬಡಿದ ಗುಳಿ. ಬಡಿದಿತ್ತು, ಹಾರಿರಲಿಲ್ಲ. ಇನ್‌ಸ್ಪೆಕ್ಟರು ಬೆರಳಿಗೆ ಹತ್ತಿದ್ದನ್ನು ತಿಕ್ಕಿ ಮೂಸಿದರು.

"ಖೋಬರೇಲ್ ತೇಲ? ಕುಣೀ ಲಾವಲಂ?"

ಕೊಬ್ಬರಿ ಎಣ್ಣೆ, ಹಚ್ಚಿದ್ದು ಯಾರು ಎಂದು ಕೇಳುತ್ತಿದ್ದಾರೆ. ಅಣ್ಣ ಅಡುಗೆಮನೆಯ ಕಡೆ ನೋಡಿದ. ಭಟ್ಟರು ತಮ್ಮನ ಚಪ್ಪಲಿಗಳನ್ನು ಮಡಿಲಲ್ಲಿಟ್ಟುಕೊಂಡು ಗೋಡೆಗೆ ಒರಗಿ ಕೂತಿದ್ದರು. ಅವರಿಗೆ ಮರಾಠಿ ಬಾರದು. ಬರುವ ಹಿಂದಿಯೂ ಆಗ ಅವರಿಗೆ ಕೇಳಿಸುತ್ತಿರಲಿಲ್ಲ.

"ಮೈನೇ ಲಗಾಯಾ ಸಾಬ್," ಎಂದ ಅಣ್ಣ. "ಜಂಗ್ ನಹೀ ಲಗನಾ ಕರ್ಕೆ." ತುಕ್ಕು ಹಿಡಿಯದಿರಲಿ ಎಂದು ನಾನೇ ಹಚ್ಚಿದೆ.

ಇನ್‌ಸ್ಪೆಕ್ಟರು ತಲೆ ಅಲ್ಲಾಡಿಸಿದರು. ಎಣ್ಣೆ ಆ ದುಂಡಿನ ಅಂಚಿನಿಂದ ಒಳಗಿಳಿದು ಮದ್ದನ್ನು ಕೊಂದಿದೆ ಎಂದರು. ಆಮೇಲೆ ದನಿ ತಗ್ಗಿಸಿದರು. "ಪೆಹಲಾ ಗೋಲೀ ಚಲ್ತಾ ತೊ ಭಾಯಿ ಬಚ್ ಜಾತಾ, ಸೇಠ್." ಮೊದಲನೆಯದೇ ಹಾರಿದ್ದರೆ ತಮ್ಮ ಉಳಿಯುತ್ತಿದ್ದ.

ಅಣ್ಣನ ಕೈ ಮೇಲೆದ್ದಿತು. ಇನ್‌ಸ್ಪೆಕ್ಟರಿಗೆ ಹೊಡೆದೇಬಿಡುತ್ತಾನೆ ಎಂದುಕೊಂಡೆ. ಆ ಕೈ ತನ್ನ ಬಾಯನ್ನೇ ಮುಚ್ಚಿಕೊಂಡಿತು.

ಸಂಜೆ ಆಸ್ಪತ್ರೆಯ ಅಂಗಳದಲ್ಲಿ ಹೆಣ ಸಿಗುವುದನ್ನು ಕಾಯುತ್ತ ಕೂತಿದ್ದೆವು. ಭಟ್ಟರು ಬಂದು ಅಣ್ಣನ ಎದುರು ನಿಂತರು.

"ಧಣಿಗಳೇ, ಒಂದು ಕೇಳ್ತೇನೆ. ನಾನು ಪೂಜೆ ಮಾಡಿದ ಆಯುಧ. ಅದು ಕೈಕೊಟ್ಟಿತಾ?"

"ಇಲ್ಲ ಭಟ್ರೆ. ಮೂರೂ ಹಾರಿತು. ಮೊದಲಿನ ಎರಡು ತಾಗಿದರೂ ಅವ ಬೀಳಲಿಲ್ಲ. ಆಯುಧದ ತಪ್ಪಲ್ಲ. ಗುಂಡೇ ಸಣ್ಣದು. ಸರಕಾರ ಕೊಡುವುದೇ ಅಷ್ಟು, ಎಂತ ಮಾಡುವುದು?"

ಭಟ್ಟರು ಕೈಮುಗಿದು ಅಳತೊಡಗಿದರು. ಅಣ್ಣ ಅವರ ತಲೆಯ ಮೇಲಿಂದ ನನ್ನನ್ನು ನೋಡಿದ. ಆ ನೋಟದಲ್ಲಿ ಇದ್ದದ್ದು ಬೇಡಿಕೆಯಲ್ಲ, ಬೆದರಿಕೆ.

ಅಂದಿನಿಂದ ಅಣ್ಣನ ಮಾತು ತಿರುಗಿತು. ಮದುವೆಯಲ್ಲಿ, ಸಂಘದ ಮೀಟಿಂಗಿನಲ್ಲಿ, ಬಾರ್ಬರ್ ಅಂಗಡಿಯಲ್ಲಿ, ಎಲ್ಲೆಂದರಲ್ಲಿ ಅಂಗಿ ಸರಿಸಿ ಭುಜ ತೋರಿಸುತ್ತಿದ್ದ. "ಇದೇ ಬತ್ತೀಸ್ ನನಗೂ ಬಿತ್ತು. ನಾನು ಬಿದ್ದೆನಾ? ಒಗ್ಗರಣೆಯ ಸಾಸಿವೆ!" ನೀರು ಕುಡಿದು ಕುಸಿದ ಭಾಗವನ್ನು ಈಗ ಬಿಟ್ಟುಬಿಡುತ್ತಿದ್ದ. ಜನಕ್ಕೆ ಅದು ತಮಾಷೆಯಾಯಿತು. ಅಣ್ಣ ದಿನದಿನಕ್ಕೆ ಅದನ್ನು ಇನ್ನಷ್ಟು ತಮಾಷೆ ಮಾಡಿದ. ಭಟ್ಟರು ಒಳಗಿನಿಂದ ಕೇಳಿಸಿಕೊಳ್ಳುವಾಗಂತೂ ದನಿ ದೊಡ್ಡದಾಗುತ್ತಿತ್ತು.

ಸುಬೇದಾರರಿಗೆ ಇದನ್ನು ಸಹಿಸಲಾಗಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಇಡ್ಲಿ ಮುಗಿಸಿ ಕೆಣಕಿದರು.

"ಅಣ್ಣಾವ್ರ, ಮೊದಲ ನೀವ ಅಂತಿದ್ರಿ, ಗೇಣು ಕೆಳಗ ಬಡದಿದ್ರ ಫೋಟೊ ಆಗತಿದ್ದೆ ಅಂತ. ಈಗ ಅದ ಗುಂಡು ಸಾಸಿವಿ ಆತೇನ್ರಿ?"

"ಆಯಿತು. ಚಹಾ ಕುಡೀರಿ."

"ಅಲ್ರಿ, ಎದಿಗೆ ಎರಡು ಬಡದ್ರ ಮನಶ್ಯಾ ನಿಂದ್ರಂಗಿಲ್ರಿ. ನಾ ಕಣ್ಣಾರೆ ಕಂಡೇನಿ. ಆ ಎರಡು ಬಡದಿಲ್ಲ. ನನ್ನ ಕೇಳಿದ್ರ ಅವು ಹಾರೇ ಇಲ್ಲ. ಕಾಡತೂಸು ಕೆಟ್ಟಿರಬೇಕು..."

ಭಟ್ಟರು ಆಗ ಚಟ್ನಿಯ ಪಾತ್ರೆ ಹಿಡಿದು ಅಲ್ಲೇ ನಿಂತಿದ್ದರು. ಅಣ್ಣನ ಕೈಯ ಸ್ಟೀಲ್ ಲೋಟ ಸುಬೇದಾರರ ಹಣೆಗೆ ಅಪ್ಪಳಿಸಿದ್ದು ನನಗೆ ಕಾಣಲಿಲ್ಲ, ಕೇಳಿಸಿತು. ಹುಬ್ಬು ಸೀಳಿ ರಕ್ತ ಕಣ್ಣಿಗಿಳಿಯಿತು. ಲೋಟ ಮತ್ತೆ ಎದ್ದಿತು. ನಾನು ಆ ಕೈಗೆ ಜೋತುಬಿದ್ದೆ. ಜಾತ್ರೆಯ ತೊಟ್ಟಿಲಿನ ಹಾಗೆ ನನ್ನನ್ನೂ ಎತ್ತಿ ಇಳಿಸಿತು ಕೈ.

ಭಟ್ಟರು ಓಡಿಹೋಗಿ ಅರಿಸಿನದ ಪುಡಿ ತಂದು ಗಾಯಕ್ಕೆ ಒತ್ತಿದರು. "ಬೇಡ ಸುಬೇದಾರ್ರೆ, ಆ ಆಯುಧದ ಮಾತು ಬೇಡ. ವರ್ಷ ವರ್ಷ ಈ ಕೈಯಲ್ಲೇ ಎಣ್ಣೆ ಹಚ್ಚಿ, ಬೊಟ್ಟಿಟ್ಟು ಪೂಜೆ ಮಾಡಿದ್ದು. ಅದು ಕೆಡಲಿಕ್ಕೆ ಸಾಧ್ಯ ಇಲ್ಲ. ಧಣಿಗಳೇ ಹೇಳಿದ್ದಾರೆ, ಮೂರೂ ಹಾರಿತು ಅಂತ."

ಸುಬೇದಾರರು ಒಂದೇ ಕಣ್ಣು ತೆರೆದು ಭಟ್ಟರ ಅರಿಸಿನದ ಬೆರಳುಗಳನ್ನು ನೋಡಿದರು. ಆಮೇಲೆ ಅಣ್ಣನನ್ನು. ಅಣ್ಣನ ಮುಖದಲ್ಲಿ ಬೆವರು. ಹೊಡೆದ ಮನುಷ್ಯ ಹೊಡೆಸಿಕೊಂಡವನಂತೆ ನಿಂತಿದ್ದ.

"ಖರೆ ಬಿಡ್ರಿ ಭಟ್ರ," ಎಂದರು ಸುಬೇದಾರರು, ಗಲ್ಲದ ಮೇಲಿನ ರಕ್ತ ಒರೆಸಿಕೊಳ್ಳುತ್ತ. "ನಂದ ತಪ್ಪು. ಬತ್ತೀಸ್ ಅಂದ್ರ ಅಷ್ಟ. ಅದರಲೆ ಗುಬ್ಬಿ ಸುದ್ದಾ ಸಾಯಂಗಿಲ್ಲ."

ಆಸ್ಪತ್ರೆಗೆ ರಿಕ್ಷಾದಲ್ಲಿ ಹೋಗುವಾಗ ಅವರು ನನಗೆ ಹೇಳಿದ್ದು ಇಷ್ಟೇ: "ಎಂಥಾ ಹೊಡತ ಹೊಡದಾನಲೇ ಮಗಾ!" ಅದರಲ್ಲಿ ಸಿಟ್ಟು ಇರಲಿಲ್ಲ.

ಕೇಸು ಮುಗಿಯಿತು. ಆತ್ಮರಕ್ಷಣೆ ಎಂದು ಕೋರ್ಟು ಒಪ್ಪಿತು, ರಿವಾಲ್ವರೂ ಕಾಡತೂಸುಗಳೂ ವಾಪಸು ಬಂದವು. ಆಯುಧಪೂಜೆಯೂ ಬಂತು. ಭಟ್ಟರು ಬಾಳೆಲೆ ಹಾಕಿ, ಎಣ್ಣೆಯ ಬಟ್ಟಲಿಟ್ಟುಕೊಂಡು ಕಾದರು. ನಾನು ಅಣ್ಣನ ಮುಖ ನೋಡಿದೆ. ಅವನು ಸೊಂಟದಿಂದ ರಿವಾಲ್ವರ್ ತೆಗೆದು, ಉಳಿದ ಮೂರು ಕಾಡತೂಸುಗಳನ್ನು ಒಂದೊಂದಾಗಿ ಬಿಡಿಸಿ, ಭಟ್ಟರ ಮುಂದೆ ಇಟ್ಟ. ಗುಳಿ ಬಿದ್ದ ಎರಡನ್ನು ಮೊದಲೇ ಬಚ್ಚಿಟ್ಟಿದ್ದ. ಭಟ್ಟರು ಸವರಿದರು, ಬೊಟ್ಟಿಟ್ಟರು.

ಹೊರಗೆ ಬಂದಾಗ ತಡೆಯಲಾಗಲಿಲ್ಲ ನನಗೆ. "ಅಣ್ಣಾ, ನಾಳೆ ಗುಪ್‌ಚುಪ್ ಬದಲಿ ಮಾಡಿ ಹೊಸಾವು ಹಾಕ್ರಿ."

"ಮುಂದಿನ ವರ್ಷ ಅವರ ಕೈಗೆ ಕೊಡುವಾಗ ಹಳೇ ಕುಂಕುಮದ ಕಲೆ ಎಲ್ಲಿ ಅಂತ ಕೇಳಿದರೆ? ಭಟ್ರ ಕಣ್ಣು ನಿನಗೆ ಗೊತ್ತಿಲ್ಲ. ಅಕ್ಕಿಯ ಕಲ್ಲು ಅಲ್ಲಿಂದ ಕಾಣ್ತದೆ ಅವರಿಗೆ."

"ಯಾರರೆ ಮತ್ತ ಬಂದ್ರ?"

"ಕೈ ಉಂಟಲ್ಲ."

ಕೈಯೇ ಆಯಿತು ಕೊನೆಗೆ. ವಿಲೆ ಪಾರ್ಲೆಯಲ್ಲಿ ಒಂದು ಮದುವೆಯಿಂದ ಮರಳುವಾಗ ಕಾರು ತಾಗಿತೆಂದು ನಾಲ್ಕು ಜನ ರಾಡು ಹಿಡಿದು ಸುತ್ತುವರಿದರು. ನಾನು ಹಿಂದಿನ ಸೀಟಿನಲ್ಲಿದ್ದೆ. ಮೊದಲ ಏಟಿಗೇ ಅಣ್ಣನ ತಲೆ ಒಡೆಯಿತು. ಅಣ್ಣ ಸೊಂಟಕ್ಕೆ ಕೈ ಒಯ್ದ, ಅಲ್ಲೇ ತಡೆದ, ಕೈಯನ್ನು ವಾಪಸು ತಂದ. ಆಮೇಲೆ ಏಟು ಕೊಟ್ಟವನ ರಾಡನ್ನು ಕಿತ್ತು ಅವನ ಮೊಣಕಾಲಿಗೆ ಬೀಸಿದ. ಎಲುಬು ಮುರಿದ ಸದ್ದಿಗೆ ಉಳಿದವರು ಓಡಿದರು. ತಲೆಗೆ ಹೊಲಿಗೆ ಹಾಕಿಸಿಕೊಳ್ಳುವಾಗ ಕೇಳಿದೆ, ಎಳೆದು ತೋರಿಸಿದ್ದರೂ ಸಾಕಿತ್ತಲ್ಲ ಎಂದು. ಅಣ್ಣ ನಕ್ಕ. "ತೋರಿಸಿದ ಮೇಲೆ ಒತ್ತಬೇಕಾದರೆ? ಆ ಟಿಕ್ ಇನ್ನೊಂದು ಸಲ ಕೇಳಲಿಕ್ಕೆ ನನ್ನಿಂದ ಆಗುವುದಿಲ್ಲ."

ಭಟ್ಟರು ಹೋದ ವರ್ಷ, ಆ ಹಿಂದಿನ ಕೋಣೆಯಲ್ಲೇ, ಮಧ್ಯಾಹ್ನದ ನಿದ್ದೆಯಲ್ಲಿ ತೀರಿಕೊಂಡರು. ಅಣ್ಣನೇ ಕೊಳ್ಳಿ ಇಟ್ಟ. ಮರುದಿನ ನನ್ನನ್ನು ಕರೆದುಕೊಂಡು ಪೊಲೀಸ್ ಠಾಣೆಗೆ ಹೋದ. ಲೈಸೆನ್ಸೂ ರಿವಾಲ್ವರೂ ಒಪ್ಪಿಸಿದ. ಅಲ್ಲಿದ್ದ ಹೊಸ ಹುಡುಗ ಅಧಿಕಾರಿ ಕಾಡತೂಸು ಹೊರತೆಗೆಯಲು ನೋಡಿದರೆ ಬರಲೊಲ್ಲವು, ಎಣ್ಣೆ ಕುಂಕುಮ ಸೇರಿ ಅಂಟಾಗಿ ಕಚ್ಚಿಕೊಂಡಿದ್ದವು. ಪೆನ್ಸಿಲಿನಿಂದ ತಳ್ಳಿ ಕೆಡವಿದ. ಕೆಂಪಗೆ ಮೇಜಿನ ಮೇಲೆ ಉರುಳಿದವು.

"ಅಂಕಲ್, ಯೇ ತೊ ಸಬ್ ಮರಾ ಹುವಾ ಹೈ. ಈ ಸತ್ತ ಗುಂಡುಗಳನ್ನು ಹಿಡಿದುಕೊಂಡು ಇಷ್ಟು ವರ್ಷ ತಿರುಗಿದಿರಾ?"

"ಛೋಟಾ ಗೋಲೀ ಹೈ ಸಾಬ್," ಎಂದ ಅಣ್ಣ, ರೂಢಿಯಂತೆ. "ಜಿಂದಾ ಹೋತಾ ತೊ ಭೀ ಕ್ಯಾ ಕರತಾ?" ಜೀವ ಇದ್ದಿದ್ದರೂ ಅದು ಏನು ಮಾಡುತ್ತಿತ್ತು?

ಹುಡುಗ ನಕ್ಕ. ಅಣ್ಣನೂ ನಕ್ಕ. ಹೊರಗೆ ಬಂದು ಠಾಣೆಯ ಮೆಟ್ಟಿಲ ಮೇಲೆ ಕೂತುಬಿಟ್ಟ. ಎದುರಿಗೆ ರಿಕ್ಷಾದವರು ಹಾರ್ನ್ ಒತ್ತುತ್ತ ಜಗಳಾಡುತ್ತಿದ್ದರು.

"ಏ ಧಾರವಾಡ. ಇನ್ನು ಹೇಳಬಹುದಲ್ಲ?"

"ಹೇಳ್ರಿ ಅಣ್ಣಾ. ಕೇಳಿ ನೋಯೋರು ಯಾರೂ ಉಳದಿಲ್ಲ."

ಅಣ್ಣ ಅಂಗಿ ಸರಿಸಲಿಲ್ಲ. ಬಟ್ಟೆಯ ಮೇಲಿಂದಲೇ ಬಲಭುಜದ ಆ ಕಡಲೆಕಾಳನ್ನು ಬೆರಳಿನಿಂದ ಹುಡುಕಿ ಒತ್ತಿ ಹಿಡಿದ.

"ಅದು ಸಣ್ಣದಲ್ಲ ಮಾರಾಯ. ಒಂದೇ ಹಾರಿತು, ಅವ ಕಡಿದ ಬಾಳೆಯ ಹಾಗೆ ಬಿದ್ದ. ಸಾಕಾಗ್ತಿತ್ತು. ನನ್ನ ತಮ್ಮನಿಗೆ ಅಷ್ಟು ಸಾಕಾಗ್ತಿತ್ತು."